ಮೊದಲು ಬುಟ್ಟಿಯೋ, ಜೊತೆಗಾರನೋ?

1972–73ರ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಋತುವಿನಲ್ಲಿ ನೇಟ್ ಆರ್ಚಿಬಾಲ್ಡ್ ಎಂಬ ಪಾಯಿಂಟ್ ಗಾರ್ಡ್ ಪಂದ್ಯಕ್ಕೆ ಸರಾಸರಿ 34 ಅಂಕ ಗಳಿಸಿದರು, 11.4 ಅಸಿಸ್ಟ್ ಕೊಟ್ಟರು. ಎರಡು ಪಟ್ಟಿಯಲ್ಲೂ ಇಡೀ ಲೀಗ್‌ಗೆ ಅವರೇ ಮೊದಲು. ಲೀಗ್‌ನ ಅಧಿಕೃತ ಪಟ್ಟಿಗಳ ಲೆಕ್ಕದಲ್ಲಿ ಒಂದೇ ಋತುವಿನಲ್ಲಿ ಎರಡೂ ಕಡೆ ಮೊದಲ ಸ್ಥಾನ ಪಡೆದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ, ಆಮೇಲೂ ಯಾರೂ ಬಂದಿಲ್ಲ. ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಿಂದ ಬಂದ ಹುಡುಗ, ಎತ್ತರ ಆರು ಅಡಿ ಒಂದು ಇಂಚು. ದೈತ್ಯರ ನಡುವೆ ಅಷ್ಟು ಎತ್ತರ ಏನೇನೂ ಅಲ್ಲ. ಎಲ್ಲರೂ ಅವರನ್ನು ‘ಟೈನಿ’ ಎಂದೇ ಕರೆಯುತ್ತಿದ್ದರು. 48 ನಿಮಿಷದ ಪಂದ್ಯದಲ್ಲಿ ಸರಾಸರಿ 46 ನಿಮಿಷ ಅವರು ಅಂಕಣದಲ್ಲೇ ಇರುತ್ತಿದ್ದರು. ಇಷ್ಟೆಲ್ಲ ಆಗಿ, ಅವರ ತಂಡ ಕಾನ್ಸಾಸ್ ಸಿಟಿ–ಒಮಾಹಾ ಕಿಂಗ್ಸ್ ಆ ವರ್ಷ 36 ಪಂದ್ಯ ಗೆದ್ದು 46 ಸೋತಿತು. ಪ್ಲೇಆಫ್‌ಗೂ ತಲುಪಲಿಲ್ಲ.

ಆ ತಂಡದ ಕೋಚ್ ಯಾರೆಂದು ತಿಳಿದರೆ ಈ ಕತೆ ಇನ್ನೂ ಕಾಡುತ್ತದೆ. ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ. 1950ರ ದಶಕದಲ್ಲಿ ಸತತ ಎಂಟು ಋತು ಅಸಿಸ್ಟ್ ಪಟ್ಟಿಯಲ್ಲಿ ಮೊದಲಿದ್ದವರು, ಬೆನ್ನ ಹಿಂದಿನಿಂದ ಚೆಂಡು ದಾಟಿಸಿ, ಒಂದು ದಿಕ್ಕು ನೋಡುತ್ತ ಇನ್ನೊಂದು ದಿಕ್ಕಿಗೆ ಪಾಸ್ ಕೊಟ್ಟು ಈ ಸ್ಥಾನಕ್ಕೆ ಒಂದು ರೂಪ ಕೊಟ್ಟವರು. ಪಾಸ್ ಕೊಡುವುದರಲ್ಲಿ ತನ್ನ ಕಾಲದ ಮೊದಲಿಗನಾಗಿದ್ದ ಮನುಷ್ಯ ಬೆಂಚಿನ ಬಳಿ ನಿಂತು, ತನ್ನ ಗಾರ್ಡ್ ಪಂದ್ಯಕ್ಕೆ ಸರಾಸರಿ ಮೂವತ್ತಕ್ಕಿಂತ ಹೆಚ್ಚು ಅಂಕ ಹೊಡೆಯುವುದನ್ನು ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ಆ ತಂಡದಲ್ಲಿ ಆರ್ಚಿಬಾಲ್ಡ್ ಎಸೆಯದಿದ್ದರೆ ಇನ್ಯಾರು ಎಸೆಯಬೇಕಿತ್ತು?

ಪಾಯಿಂಟ್ ಗಾರ್ಡ್ ಮೊದಲು ಅಂಕ ಗಳಿಸಬೇಕೇ, ಪಾಸ್ ಕೊಡಬೇಕೇ ಎಂಬುದು ಬ್ಯಾಸ್ಕೆಟ್‌ಬಾಲ್‌ನ ಹಳೆಯ ಜಗಳ. ಈ ಜಗಳದಲ್ಲಿ ಜನ ಸಾಮಾನ್ಯವಾಗಿ ಗುಣದ ಮಾತಾಡುತ್ತಾರೆ: ಪಾಸ್ ಕೊಡುವವನು ನಿಸ್ವಾರ್ಥಿ, ಎಸೆಯುವವನು ಸ್ವಾರ್ಥಿ. ಈ ಮಾತು ಆಟಕ್ಕೂ ಆಟಗಾರರಿಗೂ ತುಂಬ ಅನ್ಯಾಯ ಮಾಡಿದೆ ಎಂಬುದು ನನ್ನ ದೃಢವಾದ ಅನಿಸಿಕೆ. ಅಂಕಣದಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಪ್ರಶ್ನೆಯೇ ಬೇರೆ ರೂಪ ತಾಳುತ್ತದೆ.

ಐವರ ತಂಡದಲ್ಲಿ ಚೆಂಡನ್ನು ತಮ್ಮ ಅರ್ಧದಿಂದ ಎದುರಾಳಿಯ ಅರ್ಧಕ್ಕೆ ತಂದು ಆಟ ಆರಂಭಿಸುವವನು ಪಾಯಿಂಟ್ ಗಾರ್ಡ್. ಯಾವ ತಂತ್ರ, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬುದನ್ನು ಕೈ ಸನ್ನೆಯಲ್ಲೋ ಕೂಗಿಯೋ ತಿಳಿಸುವವನೂ ಅವನೇ. ಎನ್‌ಬಿಎಯಲ್ಲಿ ಚೆಂಡು ಸಿಕ್ಕ ಮೇಲೆ 24 ಸೆಕೆಂಡ್‌ಗಳೊಳಗೆ ಬುಟ್ಟಿಗೆ ಎಸೆಯಲೇಬೇಕು. ಈ ನಿಯಮ ಬಂದದ್ದು 1954ರಲ್ಲಿ. ಅದಕ್ಕೂ ಮುಂಚೆ ಮುಂದಿದ್ದ ತಂಡ ಚೆಂಡನ್ನು ಸುಮ್ಮನೆ ಹಿಡಿದುಕೊಂಡು ಹೊತ್ತು ಕಳೆಯಬಹುದಿತ್ತು. 1950ರ ನವೆಂಬರ್‌ನಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿದ ಪಂದ್ಯ ಅದರ ಕೆಟ್ಟ ಮಾದರಿ. ಗಡಿಯಾರ ಬಂದ ಮೇಲೆ ಗಾರ್ಡ್‌ನ ಪ್ರತಿ ನಿರ್ಧಾರಕ್ಕೂ ಸೆಕೆಂಡಿನ ಬೆಲೆ ಕಟ್ಟಬೇಕಾಯಿತು. ಜೊತೆಗಾರನೊಬ್ಬನಿಗೆ ಪಾಸ್ ಕೊಟ್ಟು, ಅವನು ಅದನ್ನು ನೇರವಾಗಿ ಬುಟ್ಟಿಗೆ ಹಾಕಿದರೆ ಕೊಟ್ಟವನ ಲೆಕ್ಕಕ್ಕೆ ಒಂದು ಅಸಿಸ್ಟ್ ಸೇರುತ್ತದೆ. ಅದೇ ಪಾಸ್ ಪಡೆದವನ ಗುರಿ ತಪ್ಪಿದರೆ ಏನೂ ಸೇರುವುದಿಲ್ಲ. ಅಸಿಸ್ಟ್ ಪಟ್ಟಿಯನ್ನಷ್ಟೇ ನೋಡಿ ಗಾರ್ಡ್‌ನ ಗುಣ ಅಳೆಯುವವರು ಇದನ್ನು ಮರೆಯುತ್ತಾರೆ.

1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೇಸ್ಮಿತ್ ಈ ಆಟವನ್ನು ಕಟ್ಟಿದಾಗ ಬರೆದ 13 ನಿಯಮಗಳಲ್ಲಿ ಒಂದು: ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಡ್ರಿಬಲ್ ಎಂಬುದೇ ಇರಲಿಲ್ಲ. ಅಂದರೆ ಹುಟ್ಟಿದಾಗ ಇದು ಪೂರ್ತಿ ಪಾಸಿನ ಆಟ. ಡ್ರಿಬಲ್ ಆಮೇಲೆ ಬಂತು. ಅದರ ಹಿಂದೆಯೇ, ಚೆಂಡನ್ನು ಒಬ್ಬನೇ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಈ ಜಗಳವೂ ಬಂತು.

ಇವತ್ತಿನ ಆಟದಲ್ಲಿ ಗಾರ್ಡ್‌ನ ನಿರ್ಧಾರ ಹೆಚ್ಚಾಗಿ ನಡೆಯುವುದು ಪಿಕ್ ಆ್ಯಂಡ್ ರೋಲ್ ಎಂಬ ತಂತ್ರದೊಳಗೆ. ಎತ್ತರದ ಜೊತೆಗಾರನೊಬ್ಬ ಬಂದು ಗಾರ್ಡ್‌ನ ಕಾವಲಿಗನಿಗೆ ಅಡ್ಡಲಾಗಿ ನಿಲ್ಲುತ್ತಾನೆ. ಗಾರ್ಡ್ ಅವನ ಭುಜ ಸವರಿಕೊಂಡು ಮುಂದೆ ಹೋಗುತ್ತಾನೆ. ಅಡ್ಡ ನಿಂತವನು ತಕ್ಷಣ ತಿರುಗಿ ಬುಟ್ಟಿಯತ್ತ ನುಗ್ಗುತ್ತಾನೆ. ಈಗ ಕಾವಲಿಗ ಏನು ಮಾಡಬೇಕು? ಗಾರ್ಡ್ ದೂರದಿಂದ ಎಸೆದರೆ ಬೀಳುತ್ತದೆ ಎಂಬ ಅಂಜಿಕೆ ಇದ್ದರೆ, ಅಡ್ಡ ನಿಂತವನ ಮುಂದಿನಿಂದ ತೂರಿಕೊಂಡು ಬೆನ್ನಟ್ಟಬೇಕು. ಆಗ ಅರ್ಧ ಹೆಜ್ಜೆ ಹಿಂದೆ ಬೀಳುತ್ತಾನೆ. ಆ ಅರ್ಧ ಹೆಜ್ಜೆಯನ್ನು ಮುಚ್ಚಲು ಇನ್ನೊಬ್ಬ ತನ್ನ ಜಾಗ ಬಿಟ್ಟು ಬರಬೇಕು. ಬಂದನೆಂದರೆ ಎಲ್ಲೋ ಒಬ್ಬ ಜೊತೆಗಾರ ಒಂಟಿಯಾಗಿ ನಿಂತಿರುತ್ತಾನೆ. ಪಾಸ್ ಹುಟ್ಟುವುದು ಅಲ್ಲಿ. ಗಾರ್ಡ್‌ಗೆ ಎಸೆಯಲು ಬಾರದು ಎಂದು ಗೊತ್ತಿದ್ದರೆ ಕಾವಲಿಗ ಅವಸರ ಪಡುವುದೇ ಇಲ್ಲ. ಹಿಂದಿನಿಂದ ಸುತ್ತಿಕೊಂಡು ಬಂದು ಬುಟ್ಟಿಯ ದಾರಿಯಲ್ಲಿ ನಿಲ್ಲುತ್ತಾನೆ. ಯಾರೂ ಜಾಗ ಬಿಡುವುದಿಲ್ಲ, ಯಾರೂ ಒಂಟಿಯಾಗುವುದಿಲ್ಲ, ಪಾಸಿಗೆ ದಾರಿಯೇ ಇರುವುದಿಲ್ಲ.

ಯೂಟಾ ಜಾಜ್‌ನ ಜಾನ್ ಸ್ಟಾಕ್ಟನ್ ಅವರನ್ನು ಎಲ್ಲರೂ ಪಾಸ್ ಕೊಡುವ ಗಾರ್ಡ್‌ನ ಆದರ್ಶ ಎನ್ನುತ್ತಾರೆ. 19 ಋತುಗಳಲ್ಲಿ 15,806 ಅಸಿಸ್ಟ್. ಹತ್ತಿರಕ್ಕೂ ಯಾರೂ ಬಂದಿಲ್ಲ. ಆದರೆ ಅವರ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬುಟ್ಟಿಗೆ ಬಿದ್ದಿವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಬ್ಬ ಗಾರ್ಡ್‌ಗೆ ಅದು ಅಸಾಧಾರಣ. 1997ರಲ್ಲಿ ಯೂಟಾ ಮೊದಲ ಬಾರಿಗೆ ಫೈನಲ್ ತಲುಪಿದ್ದು, ಹ್ಯೂಸ್ಟನ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸ್ಟಾಕ್ಟನ್ ಎಸೆದ ಮೂರು ಅಂಕದ ಶಾಟ್‌ನಿಂದ. ಜೊತೆಗಾರ ಕಾರ್ಲ್ ಮಲೋನ್‌ಗೆ ಅಷ್ಟು ವರ್ಷ ಆ ಪಾಸುಗಳು ಸಲೀಸಾಗಿ ತಲುಪಿದ್ದಕ್ಕೆ ಸ್ಟಾಕ್ಟನ್ ಎಸೆದಾರು ಎಂಬ ಅಂಜಿಕೆಯೂ ಕಾರಣ.

ಈ ಮಾತಿನ ಇನ್ನೊಂದು ಮಗ್ಗುಲು 2005ರ ಪ್ಲೇಆಫ್‌ನಲ್ಲಿ ಕಾಣಿಸಿತು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಆ ಸರಣಿಯಲ್ಲಿದೆ. ಸ್ಟೀವ್ ನ್ಯಾಶ್ ಹಿಂದಿನ ಬೇಸಿಗೆಯಲ್ಲಷ್ಟೇ ಡಲ್ಲಾಸ್ ಮ್ಯಾವರಿಕ್ಸ್ ಬಿಟ್ಟು ಫೀನಿಕ್ಸ್ ಸನ್ಸ್ ಸೇರಿದ್ದರು. ಪಂದ್ಯಕ್ಕೆ 11.5 ಅಸಿಸ್ಟ್ ಕೊಟ್ಟು, ತಂಡವನ್ನು 62 ಗೆಲುವಿನತ್ತ ಒಯ್ದು, ಆ ವರ್ಷದ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದರು. ಪಶ್ಚಿಮ ವಲಯದ ಎರಡನೇ ಸುತ್ತಿನಲ್ಲಿ ಎದುರಾದದ್ದು ಹಳೆಯ ತಂಡ ಡಲ್ಲಾಸ್. ಅದರ ಕೋಚ್ ಏವರಿ ಜಾನ್ಸನ್, ಸ್ವತಃ ಪಾಯಿಂಟ್ ಗಾರ್ಡ್ ಆಗಿದ್ದವರು. ಜಾನ್ಸನ್‌ಗೆ ದೂರದ ಎಸೆತ ಬಾರದೆಂದು ಎದುರಾಳಿಗಳು ಅವರನ್ನು ಬಿಟ್ಟು ದೂರ ನಿಲ್ಲುತ್ತಿದ್ದರು. 1999ರ ಫೈನಲ್‌ನ ಐದನೇ ಪಂದ್ಯದಲ್ಲಿ, ನ್ಯೂಯಾರ್ಕ್‌ನಲ್ಲಿ, ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಮೊದಲ ಪ್ರಶಸ್ತಿ ತಂದುಕೊಟ್ಟದ್ದು ಅದೇ ಜಾನ್ಸನ್ ಕೊನೆಯ ನಿಮಿಷದಲ್ಲಿ ಎಸೆದ ಶಾಟ್, ಅಂಕ 78–77. ಗಾರ್ಡ್‌ನನ್ನು ಎದುರಾಳಿ ಏನು ಮಾಡಲು ಬಿಡುತ್ತಾನೆ, ಏನು ಮಾಡಲು ಬಿಡುವುದಿಲ್ಲ ಎಂಬುದನ್ನು ಅವರಷ್ಟು ಮೈಯಾರೆ ಅನುಭವಿಸಿದವರು ಕಡಿಮೆ.

ಡಲ್ಲಾಸ್ ಒಂದು ಲೆಕ್ಕ ಹಾಕಿತು. ನ್ಯಾಶ್ ಎಸೆಯಲಿ, ಎಷ್ಟು ಬೇಕಾದರೂ ಗಳಿಸಲಿ. ಪಾಸ್ ಹೋಗುವ ದಾರಿಗಳನ್ನು ಮಾತ್ರ ಬಿಡಬಾರದು. ನಾಲ್ಕನೇ ಪಂದ್ಯದಲ್ಲಿ ನ್ಯಾಶ್ 48 ಅಂಕ ಗಳಿಸಿದರು. ಅಸಿಸ್ಟ್ ಕೇವಲ 5. ಫೀನಿಕ್ಸ್ 119–109ರಿಂದ ಸೋತಿತು, ಸರಣಿ 2–2ಕ್ಕೆ ಬಂತು. ನ್ಯಾಶ್ ಮನಸ್ಸಿಗೆ ಬಂದಂತೆ ಗಳಿಸಿದ ದಿನವೇ ಉಳಿದ ನಾಲ್ವರು ಆಟದಿಂದ ಆಚೆಗೆ ಬಿದ್ದಿದ್ದರು. ಇಲ್ಲಿಗೇ ನಿಲ್ಲಿಸಿದರೆ ‘ಪಾಸೇ ಮೊದಲು’ ಎನ್ನುವವರ ಗೆಲುವು. ಆದರೆ ಸರಣಿ ಮುಂದುವರಿಯಿತು. ಐದನೇ ಪಂದ್ಯದಲ್ಲಿ ನ್ಯಾಶ್ 34 ಅಂಕದ ಜೊತೆ 12 ಅಸಿಸ್ಟ್, 13 ರೀಬೌಂಡ್. ಆರನೆಯದರಲ್ಲಿ 39 ಅಂಕ, 12 ಅಸಿಸ್ಟ್. ಪಂದ್ಯವನ್ನು ಹೆಚ್ಚುವರಿ ಅವಧಿಗೆ ಒಯ್ದ ಮೂರು ಅಂಕದ ಶಾಟ್ ಅವರದೇ. ಫೀನಿಕ್ಸ್ ಎರಡನ್ನೂ ಗೆದ್ದು ಸರಣಿ ಮುಗಿಸಿತು. ಗೆದ್ದ ಪಂದ್ಯಗಳಲ್ಲಿ ಅವರು ಕಡಿಮೆಯೇನೂ ಎಸೆಯಲಿಲ್ಲ. ಎಸೆತ ಮತ್ತು ಪಾಸು ಎರಡೂ ಒಂದೇ ಚಲನೆಯಿಂದ ಹೊರಡುವ ಹಾಗೆ ಮಾಡಿಕೊಂಡರು, ಡಲ್ಲಾಸ್ ಯಾವುದನ್ನು ಬಿಟ್ಟುಕೊಡಬೇಕೆಂದು ತೀರ್ಮಾನಿಸಲಾಗದೆ ತಡವರಿಸಿತು.

ಇದನ್ನು ಲೆಕ್ಕದ ಭಾಷೆಯಲ್ಲಿ ಬಿಡಿಸಿ ತೋರಿಸಿದವರು ಬ್ರಯನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ. 2010ರಲ್ಲಿ ಪ್ರಕಟವಾದ ಅವರ ಪ್ರಬಂಧ ಬ್ಯಾಸ್ಕೆಟ್‌ಬಾಲ್ ದಾಳಿಯನ್ನು ರಸ್ತೆಯ ವಾಹನ ಸಂಚಾರಕ್ಕೆ ಹೋಲಿಸುತ್ತದೆ. ಬೆಂಗಳೂರಿನ ಹೆಬ್ಬಾಳದ ಕಡೆ ದಿನವೂ ಹೋಗಿಬರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಖಾಲಿಯಿದ್ದಾಗ ಮೇಲ್ಸೇತುವೆಯಲ್ಲಿ 10 ನಿಮಿಷ, ಕೆಳಗಿನ ರಸ್ತೆಯಲ್ಲಿ ಯಾವಾಗಲೂ 20 ನಿಮಿಷ ಎಂದಿಟ್ಟುಕೊಳ್ಳಿ. ಮೇಲ್ಸೇತುವೆಗೆ ಗಾಡಿ ಹೆಚ್ಚಿದಂತೆ ಅಲ್ಲಿ ಹೊತ್ತು ಏರುತ್ತದೆ. ಎಲ್ಲರೂ ಹತ್ತಿದರೆ ಅಲ್ಲೂ 20 ನಿಮಿಷ. ಅರ್ಧ ಜನ ಕೆಳಗಿನಿಂದ ಹೋದರೆ ಮೇಲಿನವರಿಗೆ 15 ನಿಮಿಷ, ಎಲ್ಲರ ಸರಾಸರಿ ಹದಿನೇಳೂವರೆ. ಆದರೂ ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಯೋಚಿಸಿ ಮೇಲ್ಸೇತುವೆ ಹತ್ತುತ್ತಾರೆ, ಎಲ್ಲರಿಗೂ 20 ನಿಮಿಷವೇ ಆಗುತ್ತದೆ.

ತಂಡದ ಅತ್ಯುತ್ತಮ ಎಸೆತಗಾರ ಆ ಮೇಲ್ಸೇತುವೆ. ಅವನು ಆಗಾಗ ಎಸೆದರೆ ಪ್ರತಿ ಯತ್ನಕ್ಕೂ ಹೆಚ್ಚು ಅಂಕ ಬರುತ್ತದೆ. ಪ್ರತಿ ಬಾರಿಯೂ ಅವನೇ ಎಸೆದರೆ ಎದುರಾಳಿ ಅವನ ಮೇಲೆ ಇಬ್ಬರನ್ನು ಬಿಡುತ್ತಾನೆ, ಫಲ ಇಳಿಯುತ್ತ ಹೋಗುತ್ತದೆ. ಅವನ ಸರಾಸರಿ ಇನ್ನೂ ಜೊತೆಗಾರರಿಗಿಂತ ಮೇಲಿರಬಹುದು. ಅದನ್ನು ನೋಡಿ ಕೋಚ್ ‘ಇವನೇ ಎಸೆಯಲಿ’ ಎನ್ನುತ್ತಾನೆ. ಸ್ಕಿನ್ನರ್ ಹೇಳುವ ಸೂಕ್ಷ್ಮ ಇಲ್ಲಿದೆ: ನೋಡಬೇಕಾದದ್ದು ಈವರೆಗಿನ ಸರಾಸರಿಯನ್ನಲ್ಲ, ಇನ್ನೊಂದು ಎಸೆತ ಸೇರಿಸಿದರೆ ಒಟ್ಟು ಫಲ ಏರುತ್ತದೆಯೇ ಇಳಿಯುತ್ತದೆಯೇ ಎಂಬುದನ್ನು. ಆ ಹಂತದಲ್ಲಿ ತನಗಿಂತ ಕಡಿಮೆ ಪಳಗಿದ ಜೊತೆಗಾರನಿಗೆ ಪಾಸ್ ಕೊಡುವುದೇ ಲಾಭ. ಅದು ಔದಾರ್ಯವಲ್ಲ, ಲೆಕ್ಕ. ಅದೇ ಲೆಕ್ಕ ತಿರುಗಿ, ಪಾಸ್ ಅತಿಯಾದ ಗಾರ್ಡ್‌ಗೆ ‘ನೀನು ಎಸಿ’ ಎಂದೂ ಹೇಳುತ್ತದೆ. ಖಾಲಿ ಬಿದ್ದ ಮೇಲ್ಸೇತುವೆಯಿಂದಲೂ ಊರಿಗೆ ನಷ್ಟವೇ.

ಆರ್ಚಿಬಾಲ್ಡ್ ಅವರ 1972–73ನ್ನು ಈಗ ಮತ್ತೆ ನೋಡಬಹುದು. ಕೆಳಗಿನ ರಸ್ತೆಗಳು ಹದಗೆಟ್ಟ ಊರಿನಲ್ಲಿ ಅವರೊಬ್ಬರೇ ಮೇಲ್ಸೇತುವೆ. ಹತ್ತು ವರ್ಷ ಹಿಂದೆ ಅದೇ ತಂಡ ಸಿನ್ಸಿನಾಟಿಯಲ್ಲಿದ್ದಾಗ ಆಸ್ಕರ್ ರಾಬರ್ಟ್‌ಸನ್ ಅವರ ಪಾಡೂ ಅದೇ ಆಗಿತ್ತು. 1961–62ರಲ್ಲಿ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್, ಇಡೀ ಋತುವಿನ ಸರಾಸರಿ ಮೂರರಲ್ಲೂ ಎರಡಂಕಿ. ಪ್ರಶಸ್ತಿ ಸಿಕ್ಕಿದ್ದು ಅಲ್ಲಲ್ಲ, 1971ರಲ್ಲಿ ಮಿಲ್ವಾಕಿಯಲ್ಲಿ, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ತರುಣ ದೈತ್ಯನ ಜೊತೆ ಆಡಿದಾಗ. ರಾಬರ್ಟ್‌ಸನ್ ಆಗ ಪಂದ್ಯಕ್ಕೆ 19.4 ಅಂಕಕ್ಕೆ ಇಳಿದಿದ್ದರು. ಆರ್ಚಿಬಾಲ್ಡ್ ಪಾದದ ಹಿಂಭಾಗದ ಸ್ನಾಯುರಜ್ಜು ಹರಿದುಕೊಂಡು ಒಂದು ಇಡೀ ಋತು ಕಳೆದುಕೊಂಡರು. ಬಾಸ್ಟನ್‌ಗೆ ಬಂದಾಗ ಹಳೆಯ ವೇಗ ಇರಲಿಲ್ಲ. 1980–81ರಲ್ಲಿ ಅವರ ಸರಾಸರಿ 13.8 ಅಂಕ, 7.7 ಅಸಿಸ್ಟ್, ಎರಡೂ ಅವರ ಹಳೆಯ ದಾಖಲೆಯ ಮುಂದೆ ಸಣ್ಣವು. ಪಕ್ಕದಲ್ಲಿ ಲ್ಯಾರಿ ಬರ್ಡ್, ರಾಬರ್ಟ್ ಪ್ಯಾರಿಶ್, ಕೆವಿನ್ ಮ್ಯಾಕ್‌ಹೇಲ್ ಇದ್ದರು. ತಂಡ ಚಾಂಪಿಯನ್ ಆಯಿತು.

ಇದನ್ನು ‘ದೊಡ್ಡವನಾದ ಮೇಲೆ ಬುದ್ಧಿ ಬಂತು’ ಎಂಬ ನೀತಿಕತೆಯಾಗಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮನುಷ್ಯ ಅದೇ, ಅವರ ಸುತ್ತ ನಿಂತ ನಾಲ್ವರು ಬೇರೆ. ಕೂಸಿ ಅವರೇ 1953ರಿಂದ ಪ್ರತಿ ವರ್ಷ ಅಸಿಸ್ಟ್ ಪಟ್ಟಿಯಲ್ಲಿ ಮೊದಲಿದ್ದರೂ, ಬಿಲ್ ರಸೆಲ್ ಬರುವ ತನಕ ಬಾಸ್ಟನ್ ಒಂದೂ ಪ್ರಶಸ್ತಿ ಗೆದ್ದಿರಲಿಲ್ಲ. ರಸೆಲ್ ಬಂದ ಋತುವಿನಲ್ಲೇ, 1957ರಲ್ಲಿ, ಮೊದಲನೆಯದು ಬಂತು. ಪಾಸ್ ಕೊಡುವುದನ್ನು ಕಲಿಯಲು ಕೂಸಿಗೆ ಬುದ್ಧಿ ಬರಬೇಕಿತ್ತೇ?

ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಅವರದು ಇದರ ತಿರುವು. ಆರು ಅಡಿ ಒಂಬತ್ತು ಇಂಚಿನ ಗಾರ್ಡ್, ಎನ್‌ಬಿಎ ಇತಿಹಾಸದಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಸಿಸ್ಟ್ ಸರಾಸರಿ, 11.2, ಅವರದೇ. 1986–87ರ ಹೊತ್ತಿಗೆ ಕರೀಮ್ ನಲವತ್ತರ ಹೊಸ್ತಿಲಲ್ಲಿದ್ದರು. ಕೋಚ್ ಪ್ಯಾಟ್ ರೈಲಿ ದಾಳಿಯ ಭಾರವನ್ನು ಕರೀಮ್ ಅವರಿಂದ ಮ್ಯಾಜಿಕ್ ಕಡೆಗೆ ಸರಿಸಿದರು. ಮ್ಯಾಜಿಕ್ ಆ ವರ್ಷ 23.9 ಅಂಕ ಗಳಿಸಿದರು, ಅವರ ಜೀವನದ ಅತಿ ಹೆಚ್ಚು. ಅಸಿಸ್ಟ್ 12.2, ಲೀಗ್‌ಗೇ ಮೊದಲು. ಹೆಚ್ಚು ಎಸೆದ ವರ್ಷವೇ ಪಾಸಿನ ಪಟ್ಟಿಯಲ್ಲೂ ತುದಿಯಲ್ಲಿದ್ದರು. ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ, ಬಾಸ್ಟನ್ನಿನ ಅಂಕಣದಲ್ಲಿ, ಇನ್ನೆರಡು ಸೆಕೆಂಡ್ ಇರುವಾಗ ಮ್ಯಾಕ್‌ಹೇಲ್ ಮತ್ತು ಪ್ಯಾರಿಶ್ ಚಾಚಿದ ಕೈಗಳ ಮೇಲಿಂದ ಅವರು ಎಸೆದದ್ದು ಕರೀಮ್ ಅವರಿಂದ ಕಲಿತ ಹುಕ್ ಶಾಟ್. 107–106. ಪಾಸ್ ಕೊಡುವವನೆಂದೇ ಹೆಸರಾದವನಿಗೆ ಆ ಗಳಿಗೆಯಲ್ಲಿ ಪಾಸಿನ ದಾರಿ ಬೇಕಾಗಲಿಲ್ಲ.

ಇನ್ನೊಂದು ಬಗೆಯ ಪರಿಹಾರವೂ ಉಂಟು: ಎಸೆಯುವವನನ್ನು ಎಸೆಯಲು ಬಿಟ್ಟು, ಚೆಂಡು ತರುವ ಕೆಲಸವನ್ನು ಬೇರೆಯವರಿಗೆ ಕೊಡುವುದು. ಅಲನ್ ಐವರ್ಸನ್ 1996ರಲ್ಲಿ ಫಿಲಡೆಲ್ಫಿಯಾಗೆ ಬಂದದ್ದು ಪಾಯಿಂಟ್ ಗಾರ್ಡ್ ಆಗಿ. ಮೊದಲ ವರ್ಷ ತಂಡ 22 ಪಂದ್ಯವಷ್ಟೇ ಗೆದ್ದಿತು. ಲ್ಯಾರಿ ಬ್ರೌನ್ ಬಂದು ಅವರನ್ನು ಶೂಟಿಂಗ್ ಗಾರ್ಡ್ ಜಾಗಕ್ಕೆ ಸರಿಸಿದರು. ಚೆಂಡು ತಂದು ಆಟ ಶುರು ಮಾಡುವ ಕೆಲಸ ಎರಿಕ್ ಸ್ನೋ ಪಾಲಿಗೆ ಬಂತು. 2001ರಲ್ಲಿ ಐವರ್ಸನ್ ವರ್ಷದ ಅತ್ಯುತ್ತಮ ಆಟಗಾರರಾದರು, ತಂಡ ಫೈನಲ್‌ಗೆ ಹೋಯಿತು. ಆರು ಅಡಿ ಎತ್ತರದವನು ಪಾಯಿಂಟ್ ಗಾರ್ಡ್ ಆಗಲೇಬೇಕು ಎಂಬ ಹಟವನ್ನು ಒಬ್ಬ ಕೋಚ್ ಬಿಟ್ಟಿದ್ದರಿಂದ ಆದದ್ದು ಇದು.

ಸ್ಟೀಫನ್ ಕರಿ ಕಾಲಕ್ಕೆ ಬಂದರೆ ಹಳೆಯ ಪ್ರಶ್ನೆಯ ಎರಡು ತುದಿಗಳೂ ಸೇರಿಹೋಗುತ್ತವೆ. ಎರಡು ನಿಯಮಗಳು ಇದಕ್ಕೆ ನೆಲ ಹದ ಮಾಡಿದ್ದವು. 1979–80ರಲ್ಲಿ ಎನ್‌ಬಿಎ ಮೂರು ಅಂಕದ ಗೆರೆ ಎಳೆಯಿತು. 2004–05ರಿಂದ, ಕಾವಲಿಗ ಕೈಯಿಟ್ಟು ಗಾರ್ಡ್‌ನನ್ನು ತಡೆಯುವುದರ ಮೇಲೆ ರೆಫರಿಗಳು ಬಿಗಿಯಾದರು. ನೂರಕ್ಕೆ 35ರಂತೆ ಮೂರು ಅಂಕದ ಎಸೆತ ಬಿದ್ದರೆ ಪ್ರತಿ ಯತ್ನಕ್ಕೆ 1.05 ಅಂಕ, ನೂರಕ್ಕೆ 50ರಂತೆ ಎರಡು ಅಂಕದ್ದು ಬಿದ್ದರೆ 1 ಅಂಕ. ಇಷ್ಟು ಚಿಕ್ಕ ಲೆಕ್ಕ ಇಡೀ ಆಟವನ್ನೇ ಗೆರೆಯಾಚೆಗೆ ಎಳೆದೊಯ್ದಿತು. ಕರಿ 2015–16ರಲ್ಲಿ 402 ಮೂರು ಅಂಕದ ಶಾಟ್ ಹಾಕಿದರು, ಸರಾಸರಿ 30.1 ಅಂಕ. ಅಂಕ ಗಳಿಸುವ ಗಾರ್ಡ್ ಎಂದರೆ ಅವರೇ. ಆದರೆ ಆ ವರ್ಷ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಲ್ಲಿ ಹೆಚ್ಚು ಅಸಿಸ್ಟ್ ಕೊಟ್ಟವರು ಕರಿ ಅಲ್ಲ, ಫಾರ್ವರ್ಡ್ ಆಗಿದ್ದ ಡ್ರೇಮಂಡ್ ಗ್ರೀನ್.

ಹೇಗೆ ಎಂದು ನೋಡಬೇಕು. ಗೆರೆಯಿಂದ ಎಷ್ಟು ಹಿಂದೆ ನಿಂತರೂ ಕರಿ ಎಸೆದಾರು ಎಂಬ ಹೆದರಿಕೆಗೆ ಇಬ್ಬರು ಅವರನ್ನು ಮುತ್ತುತ್ತಾರೆ. ಕರಿ ಒಂದು ಸರಳ ಪಾಸ್ ಗ್ರೀನ್‌ಗೆ ಕೊಡುತ್ತಾರೆ. ಈಗ ಗ್ರೀನ್ ಮುಂದೆ ನಾಲ್ವರ ವಿರುದ್ಧ ಮೂವರು. ಗ್ರೀನ್ ಮುಂದಕ್ಕೆ ಪಾಸ್ ಕೊಡುತ್ತಾರೆ, ಬುಟ್ಟಿ. ಅಸಿಸ್ಟ್ ಗ್ರೀನ್ ಹೆಸರಿಗೆ. ಆ ಬುಟ್ಟಿ ಹುಟ್ಟಿದ್ದು ಕರಿ ಎಸೆಯದ ಎಸೆತದಿಂದ, ಅದು ಯಾವ ಅಂಕಿಪಟ್ಟಿಯಲ್ಲೂ ಕಾಣುವುದಿಲ್ಲ. ಸ್ಟೀವ್ ಕರ್ 2014ರಲ್ಲಿ ಕೋಚ್ ಆಗಿ ಬರುವ ಹಿಂದಿನ ಋತುವಿನಲ್ಲಿ ಇದೇ ತಂಡ ಪಂದ್ಯಕ್ಕೆ ಕೊಡುತ್ತಿದ್ದ ಪಾಸುಗಳು ಲೀಗ್‌ನಲ್ಲೇ ಅತಿ ಕಡಿಮೆ. ಕರ್ ಮಾಡಿದ ದೊಡ್ಡ ಬದಲಾವಣೆ, ಕರಿ ಅವರ ಕೈಯಿಂದ ಚೆಂಡನ್ನು ಆಗಾಗ ಬಿಡಿಸಿ ಅವರನ್ನು ಓಡಲು ಹಚ್ಚಿದ್ದು. ಚೆಂಡಿಲ್ಲದೆ ಓಡುವ ಕರಿ ಹಿಂದೆ ಇಬ್ಬರು ಓಡುತ್ತಾರೆ, ಬುಟ್ಟಿಯ ಕೆಳಗೆ ಜಾಗ ಖಾಲಿಯಾಗುತ್ತದೆ. ನಾಲ್ಕು ಪ್ರಶಸ್ತಿಗಳ ಬೆನ್ನಿಗೆ ಈ ಓಟವಿದೆ. ಇದನ್ನು ಪಾಸ್ ಎನ್ನಬೇಕೇ, ಎಸೆತ ಎನ್ನಬೇಕೇ? ನನಗೆ ಈ ಪ್ರಶ್ನೆಗೆ ಉತ್ತರ ಬೇಕೆನಿಸುವುದಿಲ್ಲ.

ನನ್ನ ನಿಲುವನ್ನು ನೇರವಾಗಿ ಹೇಳುವುದಾದರೆ: ಪಾಯಿಂಟ್ ಗಾರ್ಡ್ ಮೊದಲು ಗಳಿಸಬಲ್ಲವನಾಗಿರಬೇಕು. ಎದುರಾಳಿ ಅವನ ಎಸೆತಕ್ಕೆ ಅಂಜದಿದ್ದರೆ ಅವನ ಪಾಸಿಗೆ ಬೆಲೆಯಿಲ್ಲ. ಎಷ್ಟು ಸಲ ಎಸೆಯಬೇಕು ಎಂಬುದನ್ನು ಮಾತ್ರ ಅವನ ಸ್ವಭಾವ ತೀರ್ಮಾನಿಸಬಾರದು. ಆ ಹೊತ್ತಿನ ಕಾವಲು ಮತ್ತು ಪಕ್ಕದ ನಾಲ್ವರು ತೀರ್ಮಾನಿಸಬೇಕು. ಎಸೆಯಬೇಕಾದಾಗ ಪಾಸ್ ಕೊಡುವವನು, ಕೊಡಬೇಕಾದಾಗ ಎಸೆಯುವವನಷ್ಟೇ ತಂಡಕ್ಕೆ ನಷ್ಟ ಮಾಡುತ್ತಾನೆ. ಮೊದಲನೆಯವನನ್ನು ನಾವು ಬೈಯುವುದಿಲ್ಲ, ಅಷ್ಟೇ ವ್ಯತ್ಯಾಸ.

2025ರ ಜೂನ್‌ನಲ್ಲಿ ಈ ಎರಡು ಬಗೆಯ ಗಾರ್ಡ್‌ಗಳೂ ಫೈನಲ್‌ನಲ್ಲಿ ಎದುರುಬದುರಾದರು. ಒಕ್ಲಹೋಮಾ ಸಿಟಿ ಥಂಡರ್ ತಂಡದ ಶಾಯ್ ಗಿಲ್ಜಸ್–ಅಲೆಕ್ಸಾಂಡರ್, ಪಂದ್ಯಕ್ಕೆ 32.7 ಅಂಕ, ಲೀಗ್‌ಗೆ ಮೊದಲು, ಅಸಿಸ್ಟ್ 6.4. ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್, 18.6 ಅಂಕ, 9.2 ಅಸಿಸ್ಟ್, ಚೆಂಡು ಕಳೆದುಕೊಳ್ಳುವುದಂತೂ ತೀರ ಅಪರೂಪ. ನ್ಯೂಯಾರ್ಕ್ ವಿರುದ್ಧದ ಒಂದು ಪಂದ್ಯದಲ್ಲಿ ಅವರು 32 ಅಂಕ, 15 ಅಸಿಸ್ಟ್, 12 ರೀಬೌಂಡ್ ಗಳಿಸಿ ಒಮ್ಮೆಯೂ ಚೆಂಡು ಕಳೆದುಕೊಳ್ಳಲಿಲ್ಲ. ಆದರೆ ಅದೇ ವಸಂತದಲ್ಲಿ, ಆಟಗಾರರ ನಡುವೆ ಹೆಸರಿಲ್ಲದೆ ನಡೆದ ಮತದಾನವೊಂದರಲ್ಲಿ, ಅರ್ಹತೆಗಿಂತ ಹೆಚ್ಚು ಹೊಗಳಿಸಿಕೊಂಡವರು ಯಾರೆಂದು ಕೇಳಿದಾಗ ಹೆಚ್ಚು ಮತ ಬಿದ್ದದ್ದು ಹ್ಯಾಲಿಬರ್ಟನ್ ಹೆಸರಿಗೆ. ಎಸೆಯಲು ಹಿಂಜರಿಯುತ್ತಾರೆ ಎಂಬುದು ಅವರ ಮೇಲೆ ಸದಾ ಇದ್ದ ದೂರು.

ಫೈನಲ್‌ನ ಮೊದಲ ಪಂದ್ಯದಲ್ಲಿ ಒಕ್ಲಹೋಮಾ ಉದ್ದಕ್ಕೂ ಮುಂದಿತ್ತು. 0.3 ಸೆಕೆಂಡ್ ಉಳಿದಿರುವಾಗ ಹ್ಯಾಲಿಬರ್ಟನ್ ಶಾಟ್ ಬಿತ್ತು, 111–110. ಇಡೀ ಪಂದ್ಯದಲ್ಲಿ ಇಂಡಿಯಾನಾ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ. ಆ ಪ್ಲೇಆಫ್‌ನ ನಾಲ್ಕೂ ಸುತ್ತಿನಲ್ಲಿ, ಕೊನೆಯ ಎರಡು ಸೆಕೆಂಡ್‌ಗಳ ಆಸುಪಾಸಿನಲ್ಲಿ ಪಂದ್ಯ ಗೆಲ್ಲಿಸುವ ಅಥವಾ ಸಮ ಮಾಡುವ ಶಾಟ್ ಹಾಕಿದವರು ಅವರು. ಐದನೇ ಪಂದ್ಯದಲ್ಲಿ ಮೀನಖಂಡದ ನೋವಿನಿಂದ ಅವರ ಚುರುಕು ಹೋಯಿತು. ಆರು ಎಸೆತದಲ್ಲಿ ಒಂದೂ ಬೀಳಲಿಲ್ಲ, ಒಟ್ಟು 4 ಅಂಕ. ಎದುರಾಳಿಗೆ ಅವರ ಎಸೆತದ ಭಯ ಹೋಯಿತು, ಇಂಡಿಯಾನಾ ಸೋತಿತು. ಏಳನೇ ಪಂದ್ಯ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಐದೂವರೆಗೆ ಶುರುವಾದದ್ದು. ಹ್ಯಾಲಿಬರ್ಟನ್ ಬೇಗಬೇಗ ಮೂರು ಮೂರಂಕದ ಶಾಟ್ ಹಾಕಿದರು, ಇಂದು ಏನೋ ಆಗಲಿದೆ ಅನ್ನಿಸಿತು. ಮೊದಲ ಕ್ವಾರ್ಟರ್ ಮುಗಿಯುವ ಮುಂಚೆಯೇ ಸ್ನಾಯುರಜ್ಜು ಹರಿದು ಅಂಕಣದ ಮೇಲೆ ಬಿದ್ದರು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅತ್ತ ಗಿಲ್ಜಸ್–ಅಲೆಕ್ಸಾಂಡರ್‌ಗೆ ಆ ದಿನ ಎಸೆತ ಕೂಡಿಬರುತ್ತಿರಲಿಲ್ಲ. 27 ಯತ್ನಗಳಲ್ಲಿ ಬಿದ್ದದ್ದು 8. ಫ್ರೀ ಥ್ರೋ ಸೇರಿ 29 ಅಂಕವೇನೋ ಆದವು. ಆದರೆ ಅವರು ಆ ದಿನ 12 ಅಸಿಸ್ಟ್ ಕೊಟ್ಟರು, ಋತುವಿನ ಸರಾಸರಿಯ ಹೆಚ್ಚುಕಮ್ಮಿ ಎರಡರಷ್ಟು. ವರ್ಷವಿಡೀ ಅವರ ಎಸೆತಕ್ಕೆ ಅಂಜಿದ ಅಭ್ಯಾಸದಲ್ಲಿ ಇಂಡಿಯಾನಾ ಇಬ್ಬಿಬ್ಬರನ್ನು ಅವರತ್ತ ಕಳಿಸುತ್ತಿತ್ತು, ಬಿಟ್ಟ ಜಾಗಕ್ಕೆ ಚೆಂಡು ಹೋಗುತ್ತಿತ್ತು. ಒಕ್ಲಹೋಮಾ 103–91ರಿಂದ ಗೆದ್ದು ಚಾಂಪಿಯನ್ ಆಯಿತು.

ಎರಡನ್ನೂ ಮಾಡಬಲ್ಲವರು ಹುಟ್ಟಿನಿಂದ ಹಾಗಿರುತ್ತಾರೆ ಎಂದು ನಾನು ನಂಬುವುದಿಲ್ಲ; ಯಾರೋ ಅವರನ್ನು ತಡೆಯದೆ ಬಿಟ್ಟಿರುತ್ತಾರೆ. ಐಯೊವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 2023–24ರಲ್ಲಿ ಅಮೆರಿಕದ ಕಾಲೇಜು ಮಹಿಳಾ ಆಟದಲ್ಲಿ ಅಂಕಕ್ಕೂ ಅಸಿಸ್ಟ್‌ಗೂ ಮೊದಲಿಗರಾದರು: 31.6 ಮತ್ತು 8.9. ಮರು ಬೇಸಿಗೆ ವೃತ್ತಿಪರ ಲೀಗ್‌ಗೆ ಬಂದು ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಕೊಟ್ಟು ದಾಖಲೆ ಬರೆದರು. ಅದೇ ಋತುವಿನಲ್ಲಿ ಅತಿ ಹೆಚ್ಚು ಬಾರಿ ಚೆಂಡು ಕಳೆದುಕೊಂಡ ದಾಖಲೆಯೂ ಅವರದೇ. ದುಸ್ಸಾಹಸದ ಪಾಸು ಕೊಟ್ಟಾಗಲೆಲ್ಲ ಬೆಂಚಿಗೆ ಕೂರಿಸಿದ್ದರೆ ಮೊದಲಿನ ದಾಖಲೆಯೂ ಬರುತ್ತಿರಲಿಲ್ಲ.

ನಮ್ಮ ಶಾಲೆಯ ಅಂಕಣಗಳಲ್ಲಿ ಇನ್ನೂ ನಡೆಯುವ ಒಂದು ಪದ್ಧತಿ ನನ್ನನ್ನು ನೋಯಿಸುತ್ತದೆ. ಹನ್ನೆರಡು ವರ್ಷದ ಗಿಡ್ಡ ಮಗುವಿಗೆ ‘ನೀನು ಚೆಂಡು ತಂದುಕೊಡು, ಎಸೆಯಬೇಡ’ ಎನ್ನುತ್ತಾರೆ. ಎತ್ತರದ ಮಗುವನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಪಾಸ್ ಕೊಡುವುದನ್ನೇ ಕಲಿಸುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ಐವರ ಆಟಕ್ಕಿಂತ ಮೊದಲು ಮೂವರ ಆಟವನ್ನು ಹೆಚ್ಚು ಆಡಿಸಬೇಕು. ಟೋಕಿಯೊದಿಂದ ಒಲಿಂಪಿಕ್ಸ್‌ಗೂ ಬಂದಿರುವ ಆಟ ಅದು: ಅರ್ಧ ಅಂಕಣ, ಒಂದೇ ಬುಟ್ಟಿ, ದಾಳಿಗೆ 12 ಸೆಕೆಂಡ್, 10 ನಿಮಿಷ ಅಥವಾ 21 ಅಂಕ. ಪಂದ್ಯ ನಡೆಯುವಾಗ ಕೋಚ್ ಹೊರಗಿನಿಂದ ಹೇಳಿಕೊಡುವಂತಿಲ್ಲ. ಅಲ್ಲಿ ಪಾಯಿಂಟ್ ಗಾರ್ಡ್ ಎಂಬ ಬೇರೆ ಕೆಲಸವೇ ಇಲ್ಲ. ಚೆಂಡು ಯಾರ ಕೈಗೆ ಬಂತೋ ಅವರೇ ತಲೆಯೆತ್ತಿ ನೋಡಬೇಕು, ಎಸೆಯಬೇಕು ಅಥವಾ ಕೊಡಬೇಕು. ವಾರಕ್ಕೆರಡು ಸಂಜೆ ಸಾಕು. ಒಂದು ಚೆಂಡು, ಆರು ಮಕ್ಕಳಿದ್ದರೆ ಆಯಿತು.